ಕೈಕಾಲಿನಾಚೆಗೆ: ಪಾರ್ಶ್ವವಾಯು ಪೀಡಿತರ ಮನಸ್ಸನ್ನು ಅರಿಯುವ ಯತ್ನದ ಚರಿತ್ರೆ

ಲಕ್ವ ಹೊಡೆದವರನ್ನು ನೋಡಿಬರಲು ನಾವೆಲ್ಲ ಒಂದಲ್ಲ ಒಂದು ದಿನ ಹೋಗಿದ್ದೇವೆ. ಕೈಯಲ್ಲಿ ನಾಲ್ಕು ಕಿತ್ತಳೆ ಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ. ಮನೆಯವರೊಡನೆ ನಾವು ಆಡುವ ಮಾತು ಹೆಚ್ಚು ಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಕೈ ಎತ್ತುತ್ತಾರಾ? ಕಾಲು ಊರುತ್ತಾರಾ? ಮಾತು ಬರುತ್ತದಾ? ಈ ಪ್ರಶ್ನೆಗಳನ್ನೆಲ್ಲ ಮಂಚದ ಮೇಲೆ ಮಲಗಿರುವವರ ಎದುರಿಗೇ, ಆದರೆ ಅವರು ಅಲ್ಲಿಲ್ಲವೇನೋ ಎಂಬಂತೆ ಕೇಳುತ್ತೇವೆ. ಅವರ ಕಣ್ಣಲ್ಲಿ ನೀರು ಬಂದರೆ ಧೈರ್ಯ ತಂದುಕೊಳ್ಳಿ ಎನ್ನುತ್ತೇವೆ. ಮಗನ ಹೆಸರಿಗೆ ತಮ್ಮನ ಹೆಸರು ಹೇಳಿದರೆ ತಲೆ ಸರಿಯಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿ ಎದ್ದು ಬರುತ್ತೇವೆ.

ಆ ಕಣ್ಣೀರು ದುಃಖದ್ದೋ, ಮಿದುಳಿನ ಗಾಯದ್ದೋ? ಆ ತಪ್ಪು ಹೆಸರು ಬುದ್ಧಿ ಹೋದುದರ ಗುರುತೋ, ಅಥವಾ ಬುದ್ಧಿ ನೆಟ್ಟಗಿದ್ದು ನಾಲಗೆಯ ದಾರಿ ಮಾತ್ರ ತಪ್ಪಿದ್ದೋ? ಈ ಪ್ರಶ್ನೆಗಳನ್ನು ವೈದ್ಯಶಾಸ್ತ್ರವೂ ಬಹಳ ತಡವಾಗಿಯೇ ಕೇಳಿಕೊಂಡಿತು. ಕೈಕಾಲಿನ ಬಲವನ್ನು ಅಳೆಯಲು ಕಲಿತ ಎಷ್ಟೋ ಕಾಲದ ನಂತರ ಅದು ರೋಗಿಯ ಮನಸ್ಸಿನ ಕಡೆ ತಿರುಗಿತು. ಆ ತಿರುವಿನ ಚರಿತ್ರೆಯನ್ನು ನಾವು ಇಲ್ಲಿ ನೋಡಲು ಹೊರಟಿದ್ದೇವೆ. ಇದು ಕೇವಲ ವೈದ್ಯರಿಗೆ ಬಿಟ್ಟ ವಿಷಯವಲ್ಲ. ರೋಗಿಯನ್ನು ಇನ್ನೂ ಮನುಷ್ಯನಾಗಿ, ತನ್ನ ಆಸ್ತಿಯ, ತನ್ನ ಮಾತಿನ, ತನ್ನ ತೀರ್ಮಾನದ ಒಡೆಯನಾಗಿ ಪರಿಗಣಿಸಬೇಕೋ ಬೇಡವೋ ಎಂಬುದು ಇದರ ಮೇಲೆ ನಿಂತಿದೆ.

ಹೆಸರುಗಳು ಹೇಳುವ ಕಥೆ

ಹಳೆಯ ಗ್ರೀಕರು ಈ ರೋಗವನ್ನು ಅಪೊಪ್ಲೆಕ್ಸಿಯಾ ಎಂದರು. ಹೊಡೆದು ಕೆಡವಲ್ಪಟ್ಟದ್ದು ಎಂದು ಅದರ ಅರ್ಥ. ಇಂಗ್ಲಿಷಿನ ಸ್ಟ್ರೋಕ್ ಎಂಬುದೂ ಹೊಡೆತವೇ. ನಮ್ಮಲ್ಲೂ ಲಕ್ವ ಬರುವುದಕ್ಕಿಂತ ಹೆಚ್ಚಾಗಿ 'ಹೊಡೆಯುತ್ತದೆ'. ಚರಕ ಸಂಹಿತೆ ಇದನ್ನು ವಾತರೋಗಗಳ ನಡುವೆ ಇಟ್ಟಿತು. ಪಕ್ಷಾಘಾತ ಎಂಬ ಹೆಸರಿನಲ್ಲಿಯೂ ದೇಹದ ಒಂದು ಪಕ್ಷಕ್ಕೆ, ಅಂದರೆ ಒಂದು ಬದಿಗೆ ಬಿದ್ದ ಪೆಟ್ಟು ಎಂಬ ಭಾವವೇ ಇದೆ. ಅರಬ್ಬಿ ವೈದ್ಯಗ್ರಂಥಗಳಲ್ಲಿ ಮೂರು ಬೇರೆ ಬೇರೆ ಪದಗಳಿದ್ದವು. ಒಮ್ಮೆಲೇ ಪ್ರಜ್ಞೆ ತಪ್ಪಿ ಚಲನೆ ನಿಲ್ಲುವುದು ಸಕ್ತ, ದೇಹದ ಒಂದು ಬದಿ ಬಿದ್ದುಹೋಗುವುದು ಫಾಲಿಜ್, ಮುಖ ಸೊಟ್ಟಗಾಗುವುದು ಲಕ್ವ. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇವುಗಳನ್ನು ತಲೆ ಮತ್ತು ನರಗಳ ರೋಗಗಳೆಂದು ಬೇರೆ ಬೇರೆಯಾಗಿಯೇ ವಿವರಿಸಿದ್ದಾರೆ. ಯುನಾನಿ ಹಕೀಮರ ಮೂಲಕ ದಖ್ಖನಿಗೆ ಬಂದ ಲಕ್ವ ಎಂಬ ಪದ ಕನ್ನಡದ ಮನೆಮಾತಾಗುವಾಗ ಮುಖದ ಎಲ್ಲೆ ದಾಟಿ ಇಡೀ ದೇಹಕ್ಕೆ ಹರಡಿಕೊಂಡಿತು. ಅರಬ್ಬಿ ಮೂಲದ ಈ ಪದವನ್ನು ಇಂದು ಯಾವ ಜಾತಿಮತದ ಭೇದವೂ ಇಲ್ಲದೆ ಎಲ್ಲ ಕನ್ನಡಿಗರೂ ಬಳಸುತ್ತಾರೆ.

ಆದರೆ ಈ ಎಲ್ಲ ಹೆಸರುಗಳೂ ದೇಹವನ್ನಷ್ಟೇ ಹೇಳುತ್ತವೆ ಎಂಬುದನ್ನು ಗಮನಿಸಬೇಕು. ಬಿದ್ದ ಕೈ, ಸೊಟ್ಟ ಬಾಯಿ, ನಿಂತ ಉಸಿರು. ಬಿದ್ದವನ ಒಳಗೆ ಏನಾಯಿತು ಎಂಬುದಕ್ಕೆ ಯಾವ ಭಾಷೆಯಲ್ಲೂ ಒಂದು ಹೆಸರಿರಲಿಲ್ಲ. 1658ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ, ಹೀಗೆ ಸತ್ತವರ ತಲೆಬುರುಡೆ ತೆರೆದು ನೋಡಿ, ಮಿದುಳಿನಲ್ಲಿ ರಕ್ತಸ್ರಾವವಾಗಿರುವುದನ್ನು ತೋರಿಸಿದ. ಅಲ್ಲಿಗೆ ರೋಗದ ನೆಲೆ ಖಚಿತವಾಯಿತು. ಆದರೆ ಸತ್ತವರ ಮಿದುಳನ್ನು ನೋಡುವುದು ಬೇರೆ, ಬದುಕಿ ಉಳಿದವರ ಮನಸ್ಸನ್ನು ಕೇಳುವುದು ಬೇರೆ.

ತನ್ನನ್ನು ತಾನೇ ಪರೀಕ್ಷಿಸಿಕೊಂಡವನು

ಬದುಕಿ ಉಳಿದವರ ಮನಸ್ಸನ್ನು ಪರೀಕ್ಷಿಸಿದ ಹಳೆಯ ಉದಾಹರಣೆಗಳಲ್ಲಿ ಒಂದನ್ನು ನಮಗೆ ಒದಗಿಸಿದವನು ವೈದ್ಯನಲ್ಲ, ಸ್ವತಃ ರೋಗಿ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1783ರ ಜೂನ್ ತಿಂಗಳ ಒಂದು ರಾತ್ರಿ ಲಂಡನ್ನಿನ ತನ್ನ ಮನೆಯಲ್ಲಿ ಎಚ್ಚರಗೊಂಡಾಗ ತಲೆಯಲ್ಲಿ ಏನೋ ಗೊಂದಲ. ಆಗ ಅವನ ವಯಸ್ಸು 73. ದೇಹಕ್ಕೆ ಏನೇ ಆಗಲಿ, ಬುದ್ಧಿಯನ್ನು ಉಳಿಸು ಎಂದು ದೇವರನ್ನು ಬೇಡಿಕೊಂಡ. ಆಮೇಲೆ, ಬುದ್ಧಿ ಉಳಿದಿದೆಯೋ ಇಲ್ಲವೋ ನೋಡೋಣವೆಂದು ಆ ಪ್ರಾರ್ಥನೆಯನ್ನೇ ಲ್ಯಾಟಿನ್ ಪದ್ಯವಾಗಿ ಮನಸ್ಸಿನಲ್ಲೇ ಕಟ್ಟಿದ. ಪದ್ಯ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆದರೆ ಅದು ಚೆನ್ನಾಗಿಲ್ಲ ಎಂಬುದು ತನಗೆ ತಿಳಿಯುತ್ತಿದೆಯಲ್ಲ, ಹಾಗಾದರೆ ಬುದ್ಧಿ ನೆಟ್ಟಗಿದೆ ಎಂದು ಸಮಾಧಾನಪಟ್ಟುಕೊಂಡ. ಅದಾದ ಮೇಲೆಯೇ ಅವನಿಗೆ ಮಾತು ಹೋಗಿರುವುದು ಗೊತ್ತಾದದ್ದು. ಚೀಟಿ ಬರೆದು ನೆರೆಯವರನ್ನು ಕರೆಸಲು ಹೋದರೆ ಕೈ ತಪ್ಪು ಅಕ್ಷರಗಳನ್ನು ಬರೆಯುತ್ತಿತ್ತು. ಎರಡು ದಿನಗಳ ನಂತರ ಸ್ನೇಹಿತೆಯೊಬ್ಬಳಿಗೆ ಬರೆದ ಪತ್ರದಲ್ಲಿ ಅವನೇ ಇದನ್ನೆಲ್ಲ ವಿವರಿಸಿದ್ದಾನೆ.

ಇಂದಿನ ಪರೀಕ್ಷೆಗಳ ಮೂಲ ತತ್ವಗಳು ಈ ಒಂದು ರಾತ್ರಿಯಲ್ಲೇ ಇವೆ. ಮಾತು ಹೋದುದು ಬುದ್ಧಿ ಹೋದಂತಲ್ಲ. ಒಂದು ಶಕ್ತಿ ಉಳಿದು ಇನ್ನೊಂದು ಕೆಡಬಹುದು. ತನ್ನ ತಪ್ಪು ತನಗೆ ತಿಳಿಯುವುದೇ ಬೇರೊಂದು ಶಕ್ತಿ. ಆದರೆ ಇನ್ನೊಂದು ಸಂಗತಿಯೂ ಇದೆ. ಜಾನ್ಸನ್ ತನ್ನನ್ನು ಅಳೆದುಕೊಂಡದ್ದು ತನಗೆ ಗೊತ್ತಿದ್ದ ವಿದ್ಯೆಯಿಂದ. ಲ್ಯಾಟಿನ್ ಬಾರದ, ಅಕ್ಷರವೇ ತಿಳಿಯದ ಒಬ್ಬ ಆಳಿಗೆ ಅದೇ ರೋಗ ಬಂದಿದ್ದರೆ ಏನನ್ನು ಕೊಟ್ಟು ಅಳೆಯಬೇಕಿತ್ತು? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂರು ವರ್ಷ ಬೇಕಾಯಿತು.

ಇಪ್ಪತ್ತೊಂದು ವರ್ಷ, ಒಂದೇ ಶಬ್ದ

1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಬಳಿಗೆ ಲೆಬೋರ್ನ್ ಎಂಬ ರೋಗಿ ಬಂದ. ಕಾಲಿನ ಕೀವಿಗೆ ಚಿಕಿತ್ಸೆಗಾಗಿ. ಅವನ ಬಲಭಾಗ ನಿಶ್ಶಕ್ತವಾಗಿತ್ತು. ಯಾವ ಪ್ರಶ್ನೆ ಕೇಳಿದರೂ 'ತಾನ್, ತಾನ್' ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಬ್ರೋಕಾ ಅವನ ಬುದ್ಧಿಯನ್ನು ತಿಳಿಯಲು ಸರಳವಾದ ಒಂದು ಉಪಾಯ ಮಾಡಿದ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದ. ತಾನ್ ಎಡಗೈಯ ಐದು ಬೆರಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದ. ಇಪ್ಪತ್ತೊಂದು. ಉತ್ತರ ಸರಿಯಾಗಿತ್ತು. ಮರುದಿನ ಮತ್ತೆ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ತನ್ನನ್ನು ಆಟವಾಡಿಸುತ್ತಿದ್ದಾರೆಂದು ತಿಳಿದು ಸಿಟ್ಟಾದ. ಸಿಟ್ಟು ಬಂದಾಗ ಮಾತ್ರ ಅವನ ಬಾಯಿಂದ ಒಂದು ಬೈಗುಳ ಸ್ಪಷ್ಟವಾಗಿ ಹೊರಬರುತ್ತಿತ್ತು.

ಕೆಲವೇ ದಿನಗಳಲ್ಲಿ ಅವನು ಸತ್ತ. ಅವನ ಮಿದುಳಿನ ಎಡ ಮುಂಭಾಗದಲ್ಲಿ ಗಾಯವಿರುವುದನ್ನು ಬ್ರೋಕಾ ತೋರಿಸಿದ. ಮಾತಿನ ನೆಲೆ ಮಿದುಳಿನ ಎಡಭಾಗದಲ್ಲಿದೆ ಎಂಬ ತಿಳಿವಳಿಕೆ ಬೆಳೆದದ್ದು ಅಲ್ಲಿಂದ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವಿವರಿಸಿದ. ಈ ರೋಗಿಗಳು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ, ಇತರರ ಮಾತೂ ಅವರಿಗೆ ಅರ್ಥವಾಗುವುದಿಲ್ಲ. ಇಂಥವರನ್ನು ಹುಚ್ಚರೆಂದು ತಪ್ಪು ತಿಳಿದು ಹುಚ್ಚಾಸ್ಪತ್ರೆಗೆ ಸೇರಿಸುವ ಅಪಾಯ ಎಷ್ಟಿರಬಹುದೆಂದು ಊಹಿಸಬಹುದು. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ತಾನ್‌ನ ಬೈಗುಳದಂಥ ಸಂಗತಿಗಳನ್ನು ಆಳವಾಗಿ ನೋಡಿದ. ಯೋಚಿಸಿ ಕಟ್ಟುವ ಮಾತು ಬೇರೆ, ಭಾವನೆಯಿಂದ ತಾನಾಗಿ ಚಿಮ್ಮುವ ಮಾತು ಬೇರೆ, ಮೊದಲನೆಯದು ಹೋದರೂ ಎರಡನೆಯದು ಉಳಿಯಬಹುದು ಎಂದ. ನಮ್ಮ ಮನೆಗಳಲ್ಲೂ ಇದನ್ನು ನೋಡುತ್ತೇವೆ. ನೀರು ಬೇಕು ಎಂದು ಕೇಳಲಾಗದ ಅಜ್ಜ 'ಯಾ ಅಲ್ಲಾಹ್' ಎಂದೋ 'ರಾಮ ರಾಮ' ಎಂದೋ ಸ್ಪಷ್ಟವಾಗಿ ಹೇಳುತ್ತಾನೆ. ಆಗ ಮನೆಯವರು, ಮಾತು ಬರುತ್ತದೆ, ಬೇಕೆಂದೇ ಹಟ ಮಾಡುತ್ತಾನೆ ಎನ್ನುತ್ತಾರೆ. ಅದು ಹಟವಲ್ಲ.

ತನಗೆ ರೋಗವೇ ಇಲ್ಲವೆಂದ ಅಧ್ಯಕ್ಷ

1914ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಬಾಬಿನ್ಸ್ಕಿ ಇನ್ನೊಂದು ವಿಚಿತ್ರವನ್ನು ಮುಂದಿಟ್ಟ. ಎಡಭಾಗ ಬಿದ್ದುಹೋದ ಕೆಲವರಿಗೆ ತಮ್ಮ ಕೈ ಬಿದ್ದಿದೆ ಎಂಬುದೇ ತಿಳಿಯುವುದಿಲ್ಲ. ಕೈ ಎತ್ತಿ ಎಂದರೆ ಎತ್ತಿದೆ ಎನ್ನುತ್ತಾರೆ. ಇನ್ನು ಕೆಲವರಿಗೆ ತಿಳಿದರೂ ಅದರ ಬಗ್ಗೆ ಚಿಂತೆಯೇ ಇರುವುದಿಲ್ಲ. ಇವರ ಮಾತು ಚೆನ್ನಾಗಿರುತ್ತದೆ. ಆದ್ದರಿಂದ ನೋಡಿದವರು ಇವರಿಗೆ ತಲೆ ಪೂರ್ತಿ ಸರಿಯಿದೆ ಎಂದುಕೊಳ್ಳುತ್ತಾರೆ. ಮಾತಿಲ್ಲದವನನ್ನು ದಡ್ಡನೆಂದು ತಿಳಿಯುವುದು ಒಂದು ತಪ್ಪಾದರೆ, ಮಾತಿರುವವನನ್ನು ಪೂರ್ಣ ಆರೋಗ್ಯವಂತನೆಂದು ತಿಳಿಯುವುದು ಇನ್ನೊಂದು ತಪ್ಪು.

ಈ ಎರಡನೆಯ ತಪ್ಪಿಗೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ ಇದೆ. 1919ರ ಅಕ್ಟೋಬರ್ 2ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಯಿತು. ಪತ್ನಿ ಎಡಿತ್ ಮತ್ತು ವೈದ್ಯ ಗ್ರೇಸನ್ ರೋಗದ ತೀವ್ರತೆಯನ್ನು ಜನರಿಂದ ಮುಚ್ಚಿಟ್ಟರು. ಅನುಮಾನ ಬಂದ ಸೆನೆಟ್, ಡಿಸೆಂಬರಿನಲ್ಲಿ ಇಬ್ಬರು ಸೆನೆಟರುಗಳನ್ನು ಅಧ್ಯಕ್ಷರ ಮಲಗುವ ಕೋಣೆಗೆ ಕಳಿಸಿತು. ಮೇಲ್ನೋಟಕ್ಕೆ ಮೆಕ್ಸಿಕೋದ ವಿಷಯ ಮಾತನಾಡಲು, ನಿಜದಲ್ಲಿ ಅಧ್ಯಕ್ಷರ ತಲೆ ನೆಟ್ಟಗಿದೆಯೇ ಎಂದು ನೋಡಲು. ವಿಲ್ಸನ್ ಹೊದಿಕೆಯ ಕೆಳಗೆ ಎಡಗೈಯನ್ನು ಮುಚ್ಚಿಟ್ಟುಕೊಂಡು, ಬಲಗೈ ಚಾಚಿ, ಚತುರವಾಗಿ ಮಾತನಾಡಿದರು. ಬಂದವರು ತೃಪ್ತರಾಗಿ ಹೊರಟರು. ಪತ್ರಿಕೆಗಳು ಅಧ್ಯಕ್ಷರ ಬುದ್ಧಿ ಚುರುಕಾಗಿದೆ ಎಂದು ಬರೆದವು.

ಆದರೆ ಚುರುಕು ಮಾತು ಒಂದು, ಹೊಂದಿಕೊಂಡು ಹೋಗುವ ವಿವೇಕ ಇನ್ನೊಂದು. ರಾಷ್ಟ್ರಸಂಘದ ಒಪ್ಪಂದದ ವಿಷಯದಲ್ಲಿ ವಿಲ್ಸನ್ ಯಾವ ರಾಜಿಗೂ ಒಪ್ಪಲಿಲ್ಲ. 1919ರ ನವೆಂಬರ್ ಮತ್ತು 1920ರ ಮಾರ್ಚಿನಲ್ಲಿ ಸೆನೆಟ್ ಅದನ್ನು ತಿರಸ್ಕರಿಸಿತು. ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. ನಡೆಯಲೂ ಕಷ್ಟವಾಗಿದ್ದ ಆ ಮನುಷ್ಯ 1920ರಲ್ಲಿ ಮೂರನೆಯ ಸಲ ಅಧ್ಯಕ್ಷನಾಗುವ ಆಸೆ ಇಟ್ಟುಕೊಂಡಿದ್ದ. ಹಟ ವಿಲ್ಸನ್‌ಗೆ ಮೊದಲಿನಿಂದಲೂ ಇತ್ತು, ಎಲ್ಲವನ್ನೂ ರೋಗದ ತಲೆಗೆ ಕಟ್ಟಲಾಗದು ಎನ್ನುವ ಇತಿಹಾಸಕಾರರೂ ಇದ್ದಾರೆ. ಅದೇನೇ ಇರಲಿ, ಹಾಸಿಗೆಯ ಬದಿಯ ಸೌಜನ್ಯದ ಮಾತುಕತೆಯಿಂದ ಒಬ್ಬನ ವಿವೇಚನಾಶಕ್ತಿಯನ್ನು ಅಳೆಯಲಾಗದು ಎಂಬುದಂತೂ ಸ್ಪಷ್ಟ. ಅಧ್ಯಕ್ಷ ಅಸಮರ್ಥನಾದಾಗ ಏನು ಮಾಡಬೇಕೆಂಬುದಕ್ಕೆ ಅಮೆರಿಕದ ಸಂವಿಧಾನದಲ್ಲಿ ಸ್ಪಷ್ಟ ದಾರಿ ಬಂದದ್ದು 1967ರ ಇಪ್ಪತ್ತೈದನೆಯ ತಿದ್ದುಪಡಿಯಲ್ಲಿ.

ಹನ್ನೆರಡೇಳಲಿ ಎಷ್ಟು?

ವಿಲ್ಸನ್‌ಗೆ ತನ್ನ ಕೊರತೆ ತಿಳಿಯಲಿಲ್ಲವಾದರೆ, ಅದೇ ಕಾಲದ ಇನ್ನೊಬ್ಬ ನಾಯಕನಿಗೆ ತನ್ನ ಕೊರತೆ ತೀರಾ ಚೆನ್ನಾಗಿ ತಿಳಿದಿತ್ತು. 1922ರ ಮೇ ತಿಂಗಳಲ್ಲಿ ಲೆನಿನ್‌ಗೆ ಮೊದಲ ಆಘಾತವಾಯಿತು. ಬಲಗೈ ದುರ್ಬಲವಾಯಿತು, ಮಾತು ತೊಡರಿತು. ಪರೀಕ್ಷಿಸಲು ಬಂದ ವೈದ್ಯರು ಹನ್ನೆರಡನ್ನು ಏಳರಿಂದ ಗುಣಿಸಲು ಹೇಳಿದರು. ಲೆನಿನ್‌ಗೆ ಆಗಲಿಲ್ಲ. ವೈದ್ಯರು ಹೋದ ಮೇಲೆ ಕಾಗದ ಹಿಡಿದು, ಹನ್ನೆರಡಕ್ಕೆ ಹನ್ನೆರಡು ಕೂಡಿಸುತ್ತ ಕೂಡಿಸುತ್ತ ಗಂಟೆಗಟ್ಟಲೆ ಹೆಣಗಿ ಉತ್ತರ ಕಂಡುಕೊಂಡರೆಂದು ಮನೆಯವರ ನೆನಪುಗಳು ಹೇಳುತ್ತವೆ. ಆ ದಿನಗಳಲ್ಲೇ ಅವರು ಸ್ಟಾಲಿನ್‌ನನ್ನು ಕರೆಸಿ ವಿಷ ತಂದುಕೊಡಲು ಕೇಳಿದರು. ವಿಷ ಕೊಡಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಲೆನಿನ್ ಚೇತರಿಸಿಕೊಂಡು ಅದೇ ಅಕ್ಟೋಬರಿನಲ್ಲಿ ಕೆಲಸಕ್ಕೆ ಮರಳಿದರು. ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಆಘಾತವಾಯಿತು. 1923ರ ಮಾರ್ಚಿನಲ್ಲಿ ಮಾತು ಪೂರ್ತಿ ಹೋದಾಗ ಪತ್ನಿ ಕ್ರುಪ್ಸ್ಕಾಯಾ ಮಗುವಿಗೆ ಕಲಿಸುವಂತೆ ಅವರಿಗೆ ಮತ್ತೆ ಪದಗಳನ್ನು ಕಲಿಸಲು ಕುಳಿತರು. ಲೆನಿನ್ ತೀರಿಕೊಂಡದ್ದು 1924ರ ಜನವರಿಯಲ್ಲಿ.

ಇಲ್ಲಿ ನಾವು ಗಮನಿಸಬೇಕಾದದ್ದು ರಾಜಕೀಯವನ್ನಲ್ಲ. ಒಂದು ಲೆಕ್ಕದ ಪ್ರಶ್ನೆ ಒಬ್ಬ ಮನುಷ್ಯನನ್ನು ಎಂಥ ಹತಾಶೆಗೆ ತಳ್ಳಬಲ್ಲದು ಎಂಬುದನ್ನು. ಬುದ್ಧಿಯನ್ನು ಅಳೆದ ವೈದ್ಯರು ಮನಸ್ಸನ್ನು ಅಳೆಯಲಿಲ್ಲ. ಜರ್ಮನಿಯ ಕುರ್ಟ್ ಗೋಲ್ಡ್‌ಸ್ಟೈನ್, ಮೊದಲನೆಯ ಮಹಾಯುದ್ಧದಲ್ಲಿ ತಲೆಗೆ ಪೆಟ್ಟಾದ ಸೈನಿಕರನ್ನು ವರ್ಷಗಟ್ಟಲೆ ನೋಡಿ ಇದೇ ಸಂಗತಿಯನ್ನು ಗುರುತಿಸಿದ. ಮೊದಲು ಸುಲಭವಾಗಿದ್ದ ಕೆಲಸ ಈಗ ಆಗದೆಂದು ಅರಿವಾದ ಕ್ಷಣದಲ್ಲಿ ರೋಗಿ ನಡುಗುತ್ತಾನೆ, ಅಳುತ್ತಾನೆ, ಸಿಟ್ಟಾಗುತ್ತಾನೆ. ಇದಕ್ಕೆ ಅವನು ಮಹಾದುರಂತದ ಪ್ರತಿಕ್ರಿಯೆ ಎಂಬ ಅರ್ಥದ ಹೆಸರು ಕೊಟ್ಟ. ಪರೀಕ್ಷೆ ಮಾಡುವವನ ರೀತಿಯೂ ರೋಗಿಯ ಮೇಲೆ ಪರಿಣಾಮ ಬೀರುತ್ತದೆ ಎಂಬ ಎಚ್ಚರ ಇದರಲ್ಲಿದೆ.

ದುಃಖಕ್ಕೂ ಒಂದು ಅಳತೆ

ಕೈಕಾಲು ಬಿದ್ದವನು ದುಃಖಿಯಾಗಿರುವುದು ಸಹಜವಲ್ಲವೇ, ಅದರಲ್ಲಿ ರೋಗವೇನು ಬಂತು? ಬಹುಕಾಲ ವೈದ್ಯರೂ ಹೀಗೆಯೇ ಯೋಚಿಸಿದರು. 1977ರಲ್ಲಿ ಅಮೆರಿಕದ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಒಂದು ಸರಳ ಹೋಲಿಕೆ ಮಾಡಿದರು. 20 ಮಂದಿ ಪಾರ್ಶ್ವವಾಯು ರೋಗಿಗಳು, 10 ಮಂದಿ ಮೂಳೆಯ ರೋಗಿಗಳು. ದೈನಂದಿನ ಕೆಲಸಗಳಲ್ಲಿ ಎರಡೂ ಗುಂಪಿನವರ ಅಸಹಾಯಕತೆ ಹೆಚ್ಚು ಕಡಿಮೆ ಒಂದೇ. ಆದರೂ ಖಿನ್ನತೆ ಪಾರ್ಶ್ವವಾಯುವಿನವರಲ್ಲಿ ಬಹಳ ಹೆಚ್ಚಾಗಿತ್ತು. ಹಾಗಾದರೆ ಈ ಖಿನ್ನತೆ ಕೇವಲ ಕೈಕಾಲಿನ ನಷ್ಟದ ದುಃಖವಲ್ಲ, ಮಿದುಳಿನ ಗಾಯಕ್ಕೂ ಇದಕ್ಕೂ ಸಂಬಂಧವಿರಬೇಕು ಎಂದರು. ಮಿದುಳಿನ ಎಡ ಮುಂಭಾಗದ ಗಾಯದಿಂದ ಖಿನ್ನತೆ ಬರುತ್ತದೆ ಎಂಬ ವಾದ 1980ರ ದಶಕದಲ್ಲಿ ಬಲವಾಯಿತು. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಗಾಯದ ಜಾಗಕ್ಕೂ ಖಿನ್ನತೆಗೂ ಅಂಥ ನೇರ ನಂಟು ಕಾಣುವುದಿಲ್ಲ ಎಂದಿತು. ಈ ಚರ್ಚೆ ಹೀಗೆ ಬೆಳೆದರೂ ಒಂದು ಮಾತು ಗಟ್ಟಿಯಾಗಿ ನಿಂತಿತು: ಪಾರ್ಶ್ವವಾಯುವಿಗೆ ತುತ್ತಾದ ಮೂವರಲ್ಲಿ ಸುಮಾರು ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ.

ಇದನ್ನು ಪತ್ತೆ ಮಾಡುವುದು ಹೇಗೆ? ಖಿನ್ನತೆಯನ್ನು ಅಳೆಯಲು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಒಂದು ಮಾಪಕ ಮಾಡಿದ್ದರು. ನಿದ್ದೆ, ತೂಕ, ಹಸಿವು, ಚಲನೆಯ ನಿಧಾನ ಎಲ್ಲವೂ ಅದರಲ್ಲಿದ್ದವು. ಆದರೆ ಪಾರ್ಶ್ವವಾಯುವಿನ ರೋಗಿಯಲ್ಲಿ ಇವೆಲ್ಲ ಖಿನ್ನತೆ ಇಲ್ಲದೆಯೂ ಕೆಟ್ಟಿರಬಹುದು. ಇನ್ನು ಮಾತೇ ಬಾರದವರನ್ನು ನಿಮಗೆ ಬೇಸರವಿದೆಯೇ ಎಂದು ಕೇಳುವುದೆಂತು? ಬಹಳ ಅಧ್ಯಯನಗಳು ಅಂಥವರನ್ನು ಸುಮ್ಮನೆ ಬಿಟ್ಟುಬಿಟ್ಟವು. ಅತಿ ಹೆಚ್ಚು ನೊಂದವರೇ ಲೆಕ್ಕದಿಂದ ಹೊರಗುಳಿದರು. 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇದಕ್ಕಾಗಿಯೇ ಒಂದು ಪ್ರಶ್ನಾವಳಿ ರೂಪುಗೊಂಡಿತು. ಅದರಲ್ಲಿ ಉತ್ತರ ಕೊಡುವವರು ರೋಗಿಯಲ್ಲ, ಆರೈಕೆ ಮಾಡುವವರು. ಅವರು ಅಳುತ್ತಾರೆಯೇ, ಜನರ ಮುಖ ನೋಡಲು ಒಲ್ಲೆ ಎನ್ನುತ್ತಾರೆಯೇ, ರಾತ್ರಿ ಎಚ್ಚರವಾಗಿರುತ್ತಾರೆಯೇ ಎಂದು. ಹಗಲುರಾತ್ರಿ ಬಳಿಯಿರುವ ಹೆಂಡತಿಯ, ಸೊಸೆಯ, ಮಗಳ ಕಣ್ಣಿಗೆ ಬಿದ್ದದ್ದಕ್ಕೆ ವೈದ್ಯಶಾಸ್ತ್ರದಲ್ಲಿ ಮೊದಲ ಸಲ ಒಂದು ಬೆಲೆ ಸಿಕ್ಕಿತು ಎನ್ನಬಹುದು.

ಅಳುವಿನ ವಿಷಯದಲ್ಲಿ ಇನ್ನೊಂದು ಮಾತು. ಮೊದಲ ತಿಂಗಳುಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸಣ್ಣ ನೆಪಕ್ಕೂ ಅಳು ಉಕ್ಕಿ ಬರುತ್ತದೆ. ಕೆಲವರಿಗೆ ನಗು. ಮೊಮ್ಮಗುವನ್ನು ಕಂಡರೆ ಅಳು, ಅಜಾನ್ ಕೇಳಿದರೆ ಅಳು, ಸಾವಿನ ಮನೆಯಲ್ಲಿ ನಗು. ಇದು ದುಃಖವೂ ಅಲ್ಲ, ಅವಮರ್ಯಾದೆಯೂ ಅಲ್ಲ. ಭಾವನೆಗೆ ಕಡಿವಾಣ ಹಾಕುವ ಮಿದುಳಿನ ದಾರಿ ತುಂಡಾದದ್ದರ ಫಲ. ಖಿನ್ನತೆ ಇದಕ್ಕಿಂತ ಬೇರೆ. ಅಳದೆಯೂ ಖಿನ್ನರಾಗಿರಬಹುದು. ಇವೆರಡನ್ನೂ ಬೇರ್ಪಡಿಸಿ ನೋಡದೆ ನಾವು ಒಬ್ಬರನ್ನು ಅಳುಬುರುಕರೆಂದೂ ಇನ್ನೊಬ್ಬರನ್ನು ತಾಳ್ಮೆವಂತರೆಂದೂ ಕರೆದುಬಿಡುತ್ತೇವೆ. ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರೂ ನಮ್ಮ ನಡುವೆ ಇದ್ದಾರೆ. ಅದು ಗಾಯದ ಮೇಲೆ ಉಪ್ಪು ಸವರಿದಂತೆ.

ಔಷಧದ ಕಥೆಯೂ ಎಚ್ಚರದಿಂದ ಹೇಳಬೇಕಾದದ್ದು. ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ ಕೈಕಾಲಿನ ಬಲವನ್ನೂ ಮರಳಿಸುತ್ತದೆ ಎಂಬ ಆಸೆಯನ್ನು 2011ರಲ್ಲಿ ಫ್ರಾನ್ಸಿನಲ್ಲಿ 118 ರೋಗಿಗಳ ಮೇಲೆ ನಡೆದ ಅಧ್ಯಯನ ಹುಟ್ಟಿಸಿತು. 2018ರ ಕೊನೆಗೆ ಬ್ರಿಟನ್ನಿನಲ್ಲಿ 3127 ರೋಗಿಗಳ ಅಧ್ಯಯನ ಪ್ರಕಟವಾದಾಗ ಆ ಆಸೆ ಕರಗಿತು. ಮಾತ್ರೆ ಖಿನ್ನತೆ ಬರುವುದನ್ನು ಸ್ವಲ್ಪ ತಗ್ಗಿಸಿತು, ಆದರೆ ಚೇತರಿಕೆಯನ್ನು ಹೆಚ್ಚಿಸಲಿಲ್ಲ, ಮೂಳೆ ಮುರಿತಗಳನ್ನು ಹೆಚ್ಚಿಸಿತು. ಎಲ್ಲರಿಗೂ ಮಾತ್ರೆ ಕೊಡುವುದಲ್ಲ, ಯಾರಿಗೆ ಖಿನ್ನತೆಯಿದೆ ಎಂದು ಹುಡುಕಿ ಅವರಿಗೆ ಚಿಕಿತ್ಸೆ ಕೊಡುವುದೇ ಸರಿ ಎಂಬಲ್ಲಿಗೆ ವಿಷಯ ಮರಳಿತು. ಆದ್ದರಿಂದಲೇ ಪರೀಕ್ಷೆ ಮುಖ್ಯ.

ಗಡಿಯಾರ ಬರೆಯಲಾರದ ಅಜ್ಜಿ

ಅದೇ ಫೋಲ್‌ಸ್ಟೀನ್ 1975ರಲ್ಲಿ ಪತ್ನಿ ಸೂಸನ್ ಮತ್ತು ಮೆಕ್‌ಹ್ಯೂ ಅವರೊಂದಿಗೆ 30 ಅಂಕಗಳ ಒಂದು ಕಿರುಪರೀಕ್ಷೆ ಪ್ರಕಟಿಸಿದ್ದರು. ಇಂದು ಯಾವ ತಾರೀಕು, ನೂರರಿಂದ ಏಳೇಳು ಕಳೆಯಿರಿ, ಮೂರು ಪದ ನೆನಪಿಡಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರವನ್ನು ನಕಲು ಮಾಡಿ. ಹತ್ತು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಜಗತ್ತಿನ ತುಂಬ ಹರಡಿತು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದನ್ನು ತಂದರು. ಅದರಲ್ಲಿ ಗಡಿಯಾರ ಬರೆದು ಸಮಯ ತೋರಿಸಬೇಕು, ಪ್ರಾಣಿಗಳ ಚಿತ್ರ ಗುರುತಿಸಬೇಕು. ಓದು ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆಯಿದ್ದವರಿಗೆ ಒಂದು ಅಂಕ ಸೇರಿಸುತ್ತಾರೆ. ಹನ್ನೆರಡು ವರ್ಷ ಶಾಲೆಗೆ ಹೋದವರಿಗೂ, ಶಾಲೆಯ ಬಾಗಿಲನ್ನೇ ನೋಡದವರಿಗೂ ಅದೇ ಒಂದು ಅಂಕ!

ಪೆನ್ಸಿಲ್ ಹಿಡಿಯದ ಅಜ್ಜಿಗೆ ಗಡಿಯಾರ ಬರೆ ಎಂದರೆ ಬರೆಯಲಾರಳು. ಆದರೆ ಬೀಡಿಯ ಲೆಕ್ಕ, ಚೀಟಿಯ ಹಣ, ಇಪ್ಪತ್ತು ಮಂದಿಯ ಬಿರಿಯಾನಿಗೆ ಬೇಕಾದ ಅಕ್ಕಿ, ಯಾವ ಸೊಸೆಯ ತವರಿನಲ್ಲಿ ಯಾವಾಗ ಮದುವೆ ಎಲ್ಲವೂ ಅವಳ ತಲೆಯಲ್ಲಿರುತ್ತವೆ. ಅವಳಿಗೆ ಕಡಿಮೆ ಅಂಕ ಬಂದರೆ ಕೆಟ್ಟದ್ದು ಮಿದುಳೋ, ಪರೀಕ್ಷೆಯೋ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಗಂಭೀರ ಉತ್ತರ ಕೊಟ್ಟದ್ದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಕೆಲಸ. 1995ರಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದ ವೃದ್ಧರಿಗಾಗಿ ಹಿಂದಿಯಲ್ಲಿ ಪರೀಕ್ಷೆಯನ್ನು ಪುನಃ ಕಟ್ಟಿದರು. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. ಓದಿ ಪಾಲಿಸುವ ಆಜ್ಞೆಯ ಬದಲು ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ ಎಂದರು. ಇತ್ತೀಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳದೊಂದಿಗೆ ಕನ್ನಡದಲ್ಲೂ ಒಂದು ಪರೀಕ್ಷಾ ಮಾಲೆಯನ್ನು ಸಿದ್ಧಪಡಿಸಿದೆ. 2015ರಲ್ಲಿ ಆಕ್ಸ್‌ಫರ್ಡಿನಲ್ಲಿ, ಮಾತು ಹೋದವರೂ ಬೆರಳು ತೋರಿಸಿ ಉತ್ತರಿಸಬಹುದಾದ ಪರೀಕ್ಷೆಯೊಂದು ಪಾರ್ಶ್ವವಾಯುವಿನವರಿಗೆಂದೇ ಬಂತು. ತಾನ್ ಬೆರಳು ಬಿಚ್ಚಿ ಉತ್ತರ ಹೇಳಿದ ದಾರಿಗೇ ವೈದ್ಯಶಾಸ್ತ್ರ ಒಂದೂವರೆ ಶತಮಾನದ ಬಳಿಕ ಮರಳಿತು.

ಕರ್ನಾಟಕದಲ್ಲಿ ಕನ್ನಡ ಪರೀಕ್ಷೆ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಇಲ್ಲಿ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಆಡುವವರಿದ್ದಾರೆ. ದಖ್ಖನಿ ಉರ್ದು, ಕೊಂಕಣಿ, ನವಾಯತಿ, ಕೊಡವ, ಲಂಬಾಣಿ ಇವೆ. ಹಲವು ಭಾಷೆಯವನಿಗೆ ಮಾತು ಹೋದರೆ ಯಾವ ಭಾಷೆ ಮೊದಲು ಮರಳುತ್ತದೆ? ಎಳವೆಯ ಭಾಷೆ ಎಂದು ಫ್ರಾನ್ಸಿನ ರಿಬೋ ಹೇಳಿದರೆ, ಹೆಚ್ಚು ಬಳಸುತ್ತಿದ್ದ ಭಾಷೆ ಎಂದು 1895ರಲ್ಲಿ ಪಿತ್ರೆ ವಾದಿಸಿದ. ಎರಡೂ ನಡೆಯುತ್ತವೆ, ಎಲ್ಲ ಭಾಷೆಗಳೂ ಒಟ್ಟಿಗೇ ಮರಳುವುದೂ ಉಂಟು. ಹಾಗಿರುವಾಗ ಒಂದೇ ಭಾಷೆಯಲ್ಲಿ ಕೇಳಿ ಬುದ್ಧಿ ಕುಂದಿದೆ ಎಂದು ಬರೆಯುವುದು ಅನ್ಯಾಯ. ಈ ಬಹುಭಾಷಿಕತೆಯಿಂದ ಒಂದು ಲಾಭವೂ ಇರಬಹುದೆಂದು 2016ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 608 ರೋಗಿಗಳನ್ನು ಆಧರಿಸಿ ಬರೆದರು. ಪಾರ್ಶ್ವವಾಯುವಿನ ನಂತರ ಬುದ್ಧಿಶಕ್ತಿ ಸಹಜವಾಗಿ ಉಳಿದವರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ 40.5 ಶೇಕಡ, ಒಂದೇ ಭಾಷೆಯವರಲ್ಲಿ 19.6 ಶೇಕಡ. ಮಾತು ಹೋಗುವ ಪ್ರಮಾಣದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಹೆಬ್ಬೆಟ್ಟಿನ ಪ್ರಶ್ನೆ

ಕೊನೆಗೆ, ನಮ್ಮ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡದ ವಿಷಯಕ್ಕೆ ಬರೋಣ. ಲಕ್ವ ಹೊಡೆದವರ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳು ಎಷ್ಟೋ ಇವೆ. ಅದೇ ರೀತಿ, ತಲೆ ಸರಿಯಿಲ್ಲ ಎಂಬ ನೆಪದಲ್ಲಿ ಅವರ ನ್ಯಾಯವಾದ ಇಚ್ಛೆಯನ್ನು ಬದಿಗಿಟ್ಟದ್ದೂ ಇದೆ. ಹಳೆಯ ನ್ಯಾಯಶಾಸ್ತ್ರಜ್ಞರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ಮರ್ಗೀನಾನಿ ಬರೆದ 'ಹಿದಾಯ' ಗ್ರಂಥ ಭಾರತದ ನ್ಯಾಯಾಲಯಗಳಲ್ಲೂ ಆಧಾರವಾಗಿ ಬಳಕೆಯಾಗಿದೆ. ಸಾವಿನ ಕಾಯಿಲೆಯಲ್ಲಿರುವವನು ಕೊಟ್ಟ ದಾನಕ್ಕೆ ಮೂರನೆಯ ಒಂದು ಭಾಗದ ಮಿತಿಯಿದೆ. ಆದರೆ ಫಾಲಿಜ್ ಆದವನ ಕಾಯಿಲೆ ದೀರ್ಘವಾಗಿ ಎಳೆದು, ಕೂಡಲೇ ಸಾಯುವ ಭಯವಿಲ್ಲವಾದರೆ, ಅವನನ್ನು ಸಾಯುತ್ತಿರುವವನೆಂದು ಪರಿಗಣಿಸಬಾರದು, ಅವನ ದಾನ ಪೂರ್ತಿಯಾಗಿ ಸಲ್ಲುತ್ತದೆ ಎಂದು ಅದು ಹೇಳುತ್ತದೆ. ಅಂದರೆ ಬಿದ್ದ ಕೈಯನ್ನು ನೋಡಿ ಮನುಷ್ಯನ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಹನ್ನೆರಡನೆಯ ಕಲಮು, ವ್ಯವಹಾರ ಮಾಡುವ ಹೊತ್ತಿಗೆ ಅದನ್ನು ಅರ್ಥಮಾಡಿಕೊಂಡು ತನ್ನ ಹಿತವನ್ನು ವಿವೇಚಿಸಬಲ್ಲನೇ ಎಂಬುದನ್ನಷ್ಟೇ ಕೇಳುತ್ತದೆ. ಕೈ ನಡುಗುತ್ತದೆಯೇ, ನಾಲಗೆ ತೊದಲುತ್ತದೆಯೇ ಎಂದಲ್ಲ.

ಆದ್ದರಿಂದ ಪರೀಕ್ಷೆ ಸರಿಯಾಗಿ ಆಗಬೇಕು, ರೋಗಿಯ ಮನೆಮಾತಿನಲ್ಲಿ, ಅವರ ಓದು, ಕಸುಬುಗಳನ್ನು ತಿಳಿದುಕೊಂಡು. ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೊಮ್ಮೆ, ಕೆಲವು ತಿಂಗಳ ನಂತರ ಮತ್ತೊಮ್ಮೆ. ಏಕೆಂದರೆ ಮೊದಲ ವಾರದ ಮಂಪರು ಕಳೆಯಬಹುದು, ಮನೆಗೆ ಬಂದ ಮೇಲೆ ಖಿನ್ನತೆ ಕವಿಯಬಹುದು. ಕನ್ನಡಕ, ಕಿವಿಯ ಯಂತ್ರ ಹಾಕಿಸಿ ಕೂರಿಸಿದ ಮೇಲೆ ಕೇಳಬೇಕು. ಒಂದು ಅಂಕೆಯನ್ನು ಮನುಷ್ಯನ ಹಣೆಯ ಮೇಲೆ ಅಂಟಿಸಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವಿದ್ಯೆ ಬಲ್ಲವರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ಇದು ಸಿಗಬೇಕೆಂದು ಕೇಳುವುದು ನಮ್ಮ ಹಕ್ಕು.

ಅಷ್ಟರವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಮುಂದಿನ ಸಲ ಲಕ್ವ ಹೊಡೆದವರನ್ನು ನೋಡಲು ಹೋದಾಗ ಮನೆಯವರ ಕಡೆಗಲ್ಲ, ಮಂಚದ ಕಡೆಗೆ ಕುರ್ಚಿ ಎಳೆದು ಕೂರೋಣ. ಹೌದು ಅಥವಾ ಅಲ್ಲ ಎಂದು ತಲೆಯಾಡಿಸಿ, ಬೆರಳು ತೋರಿಸಿ ಉತ್ತರಿಸಬಹುದಾದ ಪ್ರಶ್ನೆಯನ್ನು ಅವರನ್ನೇ ಕೇಳೋಣ. ನಿದ್ದೆ ಬರುತ್ತದೆಯೇ, ಬೇಸರವಾಗುತ್ತದೆಯೇ, ಬದುಕು ಸಾಕೆನಿಸಿದೆಯೇ? ಹೌದು ಎಂದರೆ ಗದರದೆ, ಉಪದೇಶಿಸದೆ, ಅಂದೇ ಮನೆಯವರಿಗೆ ತಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಲು ಹೇಳೋಣ. ಉತ್ತರ ಬರಲು ತಡವಾಗುತ್ತದೆ. ಕಾಯೋಣ.